ಬಾಗಿಲಲ್ಲಿ ಶೂ ಬಿಚ್ಚಿದವರು

ಅವರು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ನಮ್ಮ ಕನ್ನಡ ಕೂಟದ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ಸಮಿತಿಯವರು ಕೇಳಿದರು. 'ಸರಳ ಸಜ್ಜನ, ಸ್ನೇಹಜೀವಿ' ಎಂದು ಶುರುಮಾಡಬಹುದು ಎಂಬ ಸಲಹೆಯನ್ನೂ ಕೊಟ್ಟರು. ಫೋಟೋದ ಪಕ್ಕ ಹಿಡಿಸುವಷ್ಟಿದ್ದರೆ ಸಾಕು, ಬಂದೂಕಿನ ವಿಷಯ ಮಾತ್ರ ಬೇಡ, ಮಕ್ಕಳೂ ಓದುತ್ತಾರೆ ಎಂದರು. ಇಲ್ಲಿನ ಮಕ್ಕಳು ಕನ್ನಡ ಓದುವುದಿಲ್ಲ ಎನ್ನುವುದು ಸಮಿತಿಗೂ ಗೊತ್ತು, ನನಗೂ ಗೊತ್ತು. ಆ ಪುಟವನ್ನು ಬರೆದುಕೊಟ್ಟೆ. ಅದರಲ್ಲಿರುವ ಮನುಷ್ಯನನ್ನು ನಾನು ಎಂದೂ ಭೇಟಿಯಾಗಿಲ್ಲ. ಭೇಟಿಯಾಗಿದ್ದವರನ್ನು ಇಲ್ಲಿ ಬರೆಯುತ್ತಿದ್ದೇನೆ, ಹೆಸರಿಲ್ಲದೆ.

ನಾರ್ತ್ ಕ್ರೀಕ್‌ನ ಆಫೀಸಿನಲ್ಲಿ ಎರಡು ವರ್ಷ ನಾನು ಅವರ ಕೈಕೆಳಗೆ ಕೆಲಸ ಮಾಡಿದ್ದೆ. ಆಮೇಲೆ ಕರ್ಕ್‌ಲ್ಯಾಂಡಿನ ಬೇರೆ ಕಂಪನಿಗೆ ಹೋದೆ. ಆದರೆ ಕೆನ್ಮೋರಿನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ನಾಲ್ಕೇ ಮನೆ ಇದ್ದದ್ದರಿಂದ 'ಸಾರ್' ಎನ್ನುವುದು ತಪ್ಪಲಿಲ್ಲ. ಮೂವತ್ತು ವರ್ಷ ಅವರು ಮಾಡಿದ್ದು ಒಂದೇ ಕೆಲಸ: ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಅದು ಆಫೀಸಿನಲ್ಲೇ ನಿಲ್ಲುತ್ತಿರಲಿಲ್ಲ. ಮದುವೆಯ ಆಮಂತ್ರಣ ಕೈಗೆ ಬಂದರೆ ಮುಹೂರ್ತ ಯಾವ ದೇಶದ ಗಂಟೆಯಲ್ಲಿದೆ ಎಂದು ಮೊದಲು ನೋಡುತ್ತಿದ್ದರು. ಗೃಹಪ್ರವೇಶಕ್ಕೆ ಕರೆದವರ ಮನೆಯಲ್ಲಿ ಮೂರನೆಯ ಮೆಟ್ಟಿಲು ಉಳಿದವಕ್ಕಿಂತ ಕಾಲಿಂಚು ಎತ್ತರವಿದೆ ಎಂದು ತಿಳಿಸಿ, ಕಾಫಿ ಕುಡಿದು ಬರುತ್ತಿದ್ದರು. ಯಾರಾದರೂ ಮುಖ ಗಂಟಿಕ್ಕಿದರೆ, "ಬೈದಿದ್ದಲ್ಲ ಕಣ್ರೀ, ರಿಪೋರ್ಟ್ ಮಾಡಿದ್ದು," ಎನ್ನುತ್ತಿದ್ದರು.

ಇಂಥವರು ಬಂದೂಕು ಕೊಂಡದ್ದಕ್ಕೆ ಕಾರಣ ಒಂದು ವಂದನಾರ್ಪಣೆ. ಕನಿಷ್ಠ ಅವರ ಹೆಂಡತಿಯ ಪ್ರಕಾರ.

ಅದು ರಾಜ್ಯೋತ್ಸವದ ಸಂಜೆ. ಸುತ್ತಲಿನ ಕನ್ನಡಿಗರೆಲ್ಲ ಒಂದು ಶಾಲೆಯ ಸಭಾಂಗಣದಲ್ಲಿ ಸೇರಿದ್ದೆವು. ಕೊನೆಗೆ ವಂದನೆ ಹೇಳುವುದು ಅವರ ಪಾಲಿಗೆ ಬಂದಿತ್ತು. ಅವರು ಮೈಕಿನವನಿಂದ ಹಿಡಿದು ಪಾರ್ಕಿಂಗ್ ತೋರಿಸಿದವರ ತನಕ ಯಾರನ್ನೂ ಬಿಡಲಿಲ್ಲ. ಆ ಹೊತ್ತಿನಲ್ಲಿ ಅವರ ಮನೆಯ ಹಿಂಬಾಗಿಲು ಒಡೆದು ಯಾರೋ ನುಗ್ಗಿದ್ದರು. ಅಕ್ಕಿ, ತೊಗರಿಬೇಳೆ, ರವೆಯ ಡಬ್ಬಗಳನ್ನೆಲ್ಲ ಅಡುಗೆಮನೆಯ ನೆಲಕ್ಕೆ ಸುರಿದಿದ್ದರು. ನಮ್ಮ ಹೆಂಗಸರು ಒಡವೆ ಎಲ್ಲಿಡುತ್ತಾರೆ ಎನ್ನುವುದು ಇಲ್ಲಿನ ಕಳ್ಳರಿಗೂ ತಿಳಿದುಹೋಗಿದೆ. "ಇವರು ಪಾರ್ಕಿಂಗ್‌ನವರನ್ನ ಬಿಟ್ಟಿದ್ರೆ ಕಳ್ಳರು ಸಿಕ್ತಿದ್ರು," ಎಂದು ಅಕ್ಕ ಬಹಳ ದಿನ ಹೇಳಿದರು. ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು.

ಒಡವೆ ಹೋದದ್ದಕ್ಕಿಂತ ಅವರನ್ನು ಕೆರಳಿಸಿದ್ದು ಬೇರೆ. ಮಾರನೆಯ ದಿನ ನನ್ನನ್ನು ಕರೆದು ದೇವರ ಗೂಡಿನ ಮುಂದಿನ ಬಿಳಿ ಕಾರ್ಪೆಟ್ ತೋರಿಸಿದರು. ಮಣ್ಣಿನ ಗುರುತು. "ಶೂ ಹಾಕ್ಕೊಂಡು ಬಂದಿದಾರೆ ಕಣ್ರೀ. ಇಲ್ಲೀತನಕ," ಎಂದರು. ಪೊಲೀಸಿನವನಿಗೂ ಇದನ್ನೇ ತೋರಿಸಿದರಂತೆ. ಅವನೂ ಶೂ ಹಾಕಿಕೊಂಡೇ ನಿಂತಿದ್ದ.

ಅಂದಿನಿಂದ ಅಕ್ಕ ಹಗಲಿನಲ್ಲೂ ಒಬ್ಬರೇ ಮನೆಯಲ್ಲಿ ಇರುವುದು ನಿಂತುಹೋಯಿತು. ಇವರು ಆಫೀಸಿಗೆ ಹೊರಟರೆ ಅವರು ಲೈಬ್ರರಿಗೆ ಹೋಗಿ, ಇವರು ಬರುವ ತನಕ ಕೂತಿರುತ್ತಿದ್ದರು. ಚಳಿಗಾಲ ಪೂರ್ತಿ ಹೀಗೆ ಕಳೆಯಿತು. ವಸಂತದಲ್ಲಿ ಇವರು ನನ್ನ ಜೊತೆ ಅಂಗಡಿಗೆ ಹೋಗಿ ಒಂದು ಕಾರ್ಬೈನ್, ಅಂದರೆ ಕೊಳವೆ ಗಿಡ್ಡವಿರುವ ರೈಫಲ್, ಕೊಂಡರು. ಈಗಿನ ಕಾನೂನಿನಲ್ಲಿ ಅಂಥದ್ದನ್ನು ಇಲ್ಲಿ ಮಾರುವಂತಿಲ್ಲ, ಆಗ ಮಾರುತ್ತಿದ್ದರು. ನಾನೂ ಒಂದು ಕೊಂಡೆ. ಯಾಕೆ ಕೊಂಡೆ ಎಂದು ಡೈರಿಯಲ್ಲಿ ಹುಡುಕಿದೆ. 'ಸಾರ್ ಜೊತೆ ಅಂಗಡಿಗೆ ಹೋಗಿದ್ದೆ' ಎಂದಷ್ಟೇ ಇದೆ. ಇನ್ನೊಬ್ಬರ ಜೊತೆ ಸೀರೆ ಅಂಗಡಿಗೆ ಹೋದವರಿಗೆ ಆಗುವುದೇ ನನಗೂ ಆಗಿರಬೇಕು.

ಅವರು ಬಳಕೆದಾರರ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು. ಎರಡು ಮುದ್ರಣದೋಷ ಕಂಡುಹಿಡಿದು ಕಂಪನಿಗೆ ಬರೆದರು. ಬಂದೂಕು ಮಾತ್ರ ಪೆಟ್ಟಿಗೆಯಲ್ಲೇ, ಗರಾಜಿನಲ್ಲೇ ಉಳಿಯಿತು, ಏಕೆಂದರೆ ಅಕ್ಕ ಒಳಗೆ ಬಿಟ್ಟುಕೊಂಡಿರಲಿಲ್ಲ.

"ಮೊದಲು ಕಲೀಲಿ," ಎಂದರು ಅಕ್ಕ, ಒಂದು ಭಾನುವಾರ, ನನ್ನ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟು. "ಮೂರು ದಿನದ್ದು ಯಾವುದೋ ಕೋರ್ಸ್ ಇದೆಯಂತಲ್ಲ. ನೀನೂ ಜೊತೇಲಿ ಹೋಗು. ವಾಪಸ್ ಬಂದು ನಂಗೊಂದೇ ಮಾತು ಹೇಳು. ಇವರ ಕೈಲಿ ಅದು ಇರಬಹುದೋ, ಇರಬಾರದೋ."

"ನಾನ್ಯಾಕೆ ಅಕ್ಕ, ಸಾರೇ ಹೇಳ್ತಾರೆ."

"ಅವರು ನನಗೆ ಧೈರ್ಯ ಬರ್ಲಿ ಅಂತ ಏನು ಬೇಕಾದ್ರೂ ಹೇಳ್ತಾರೆ. ನೀನು ಡೈರಿ ಬರೆಯೋನು. ಸುಳ್ಳು ಹೇಳಲ್ಲ."

"ನಾನಿಲ್ಲೇ ಕೂತಿದೀನಿ ಕಣೆ," ಎಂದರು ಅವರು.

"ಕೂತಿರಿ," ಎಂದರು ಅಕ್ಕ. "ನಿಮ್ಮ ಎದುರಿಗೇ ಹೇಳ್ತಿರೋದು."

ಡೈರಿ ಬರೆಯುವವರು ಸುಳ್ಳು ಹೇಳುವುದಿಲ್ಲ ಎನ್ನುವುದು ಡೈರಿ ಬರೆಯದವರ ನಂಬಿಕೆ.

ಕೋರ್ಸು ನಡೆದದ್ದು ಆಗಸ್ಟಿನ ಕೊನೆಯಲ್ಲಿ. ಪೂರ್ವದ ಬೆಟ್ಟಗಳಲ್ಲಿ ಕಾಡು ಹೊತ್ತಿಕೊಂಡಿತ್ತು. ಆಕಾಶ ಸಾರಿನ ಬಣ್ಣದಲ್ಲಿತ್ತು. ಅವರ ವ್ಯಾನಿನಲ್ಲಿ ಒಂದು ಗಂಟೆಯ ದಾರಿ. ಹೆದ್ದಾರಿ ಬಿಟ್ಟು ಒಳಗೆ ಹೋದರೆ ಹಳೆಯ ಜಲ್ಲಿ ಕ್ವಾರಿ, ಅದರೊಳಗೆ ಗುಂಡು ಹಾರಿಸುವ ಬಯಲು. ಹತ್ತು ಜನ ಕಲಿಯುವವರಿದ್ದೆವು. ಉಳಿದ ಎಂಟು ಜನ ಮರುಭೂಮಿಯ ಯುದ್ಧಕ್ಕೆ ಹೊರಟವರಂತೆ ಮರಳಿನ ಬಣ್ಣದ ಬಟ್ಟೆ ತೊಟ್ಟಿದ್ದರು. ಅವರಲ್ಲೊಬ್ಬರು ಹಲ್ಲಿನ ಡಾಕ್ಟರು. ನಮ್ಮವರು ಬಿಳಿ ವಾಕಿಂಗ್ ಶೂ, ಸ್ವೆಟರ್, ಕಿವಿಯ ರಕ್ಷಾಕವಚದ ಕೆಳಗೆ ಮಂಕಿ ಕ್ಯಾಪ್. ಹೊಗೆಗೆ ನೆಗಡಿಯಾಗುತ್ತದೆ ಎಂದು ಅಕ್ಕ ಹಾಕಿಸಿ ಕಳಿಸಿದ್ದರು.

ಕೋಚ್ ಒಬ್ಬ ಮಾಜಿ ಸೈನಿಕ, ಅರವತ್ತರ ಆಸುಪಾಸು, ಸದಾ ಸೂರ್ಯಕಾಂತಿ ಬೀಜ ಜಗಿಯುತ್ತಿದ್ದ. ನೀವೆಲ್ಲ ಯಾಕೆ ಬಂದಿದ್ದೀರಿ ಎಂದು ಸಾಲಾಗಿ ಕೇಳಿದ. ಎಂಟು ಜನವೂ 'ಕುಟುಂಬದ ರಕ್ಷಣೆಗೆ' ಎಂದರು. ನಮ್ಮವರು, "ನನ್ನ ಹೆಂಡತಿ ಪರೀಕ್ಷೆ ಇಟ್ಟಿದ್ದಾಳೆ. ಇವನು ಪರೀಕ್ಷಕ," ಎಂದು ನನ್ನನ್ನು ತೋರಿಸಿದರು. ಎಲ್ಲರೂ ನಕ್ಕರು. ಅವರು ನಿಜವನ್ನೇ ಹೇಳಿದ್ದರಿಂದ ಯಾಕೆ ನಗುತ್ತಿದ್ದಾರೆಂದು ಅವರಿಗೆ ತಿಳಿಯಲಿಲ್ಲ.

ಬೆಳಗಿನ ಹೊತ್ತು ಪಾಠ. ಸದಾ ಎಚ್ಚರದಲ್ಲಿ ಬದುಕುವುದು ಹೇಗೆ ಎಂದು ಕೋಚ್ ಬೋಧಿಸಿದ. "ಹೋಟೆಲ್ಲಿಗೆ ಹೋದರೆ ಎಲ್ಲಿ ಕೂರುತ್ತೀರಿ?" ಎಂದು ನಮ್ಮವರನ್ನೇ ಕೇಳಿದ. ಬಾಗಿಲು ಕಾಣುವ ಕಡೆ, ಗೋಡೆಗೆ ಬೆನ್ನು ಕೊಟ್ಟು, ಎನ್ನುವುದು ಸರಿಯುತ್ತರ.

"ಅಡುಗೆಮನೆ ಹತ್ತಿರ," ಎಂದರು ಅವರು. "ದೋಸೆ ಬಿಸಿಯಾಗಿ ಬರುತ್ತೆ."

ಕೋಚ್ ಬೀಜ ಜಗಿಯುವುದನ್ನು ನಿಲ್ಲಿಸಿದ. ಮಧ್ಯಾಹ್ನ ನಮ್ಮ ಡಬ್ಬಿಯ ಪುಳಿಯೋಗರೆಯನ್ನು ಎರಡು ಸಲ ಹಾಕಿಸಿಕೊಂಡ ಮೇಲೆ ಅವನ ಅಭಿಪ್ರಾಯ ಕೊಂಚ ಬದಲಾಯಿತು.

ಗುಂಡು ಹೊಡೆಯುವುದರಲ್ಲಿ ಅವರು ನಾನಂದುಕೊಂಡಷ್ಟು ಕೆಟ್ಟವರಾಗಿರಲಿಲ್ಲ. ನಿಧಾನ, ಅಷ್ಟೆ. ಗುರಿ ತಪ್ಪಿದರೆ "ಸಾರಿ" ಎನ್ನುತ್ತಿದ್ದರು. ಕಾಗದದ ಹತ್ತಿರ ಕ್ಷಮೆ ಕೇಳಬೇಡಿ ಎಂದು ಕೋಚ್ ಹೇಳಿದ. "ಸಾರಿ," ಎಂದರು. ಗುಂಡು ತುಂಬುವ ಡಬ್ಬಿಗಳಿಗೆಲ್ಲ ಅಂಟುಪಟ್ಟಿ ಹಚ್ಚಿ ೧, ೨, ೩ ಎಂದು ಕನ್ನಡದಲ್ಲಿ ಬರೆದುಕೊಂಡಿದ್ದರು. ಹಲ್ಲಿನ ಡಾಕ್ಟರಿಗೆ ಅದು ಯಾವುದೋ ಗುಪ್ತಲಿಪಿಯೆಂದು ಕುತೂಹಲವಾಯಿತು. ಎರಡನೆಯ ದಿನ ಬಂದೂಕಿನಲ್ಲಿ ಗುಂಡು ಮತ್ತೆ ಮತ್ತೆ ಸಿಕ್ಕಿಹಾಕಿಕೊಂಡಾಗ ಅವರು ಹೆದರಲಿಲ್ಲ, ಬೈಯಲಿಲ್ಲ. ನೋಟ್‌ಬುಕ್ ತೆಗೆದು, ಯಾವ ಡಬ್ಬಿ, ಎಷ್ಟನೆಯ ಗುಂಡು ಎಂದು ಬರೆದು, ಮೂರನೆಯ ಡಬ್ಬಿಯ ಸ್ಪ್ರಿಂಗ್ ಸೋತಿದೆ ಎಂದು ಕಂಡುಹಿಡಿದು ಅದನ್ನು ಪಕ್ಕಕ್ಕಿಟ್ಟರು. ಆ ದಿನ ಸಂಜೆ ಕೋಚ್ ಕೈಗೂ ಒಂದು ಹಾಳೆ ಕೊಟ್ಟರು. ಅವನ ಪಾಠದಲ್ಲಿ ಅವರು ಕಂಡ ತಪ್ಪುಗಳು, ಅಂಕೆ ಹಾಕಿ.

"ಇದೇನು?" ಎಂದ ಅವನು.

"ರಿಪೋರ್ಟ್," ಎಂದರು.

ಮೂರನೆಯ ದಿನ ಬೆಳಗ್ಗೆ ಮನೆಯ ಅಭ್ಯಾಸ. ಜಲ್ಲಿಯ ಮೇಲೆ ಪ್ಲೈವುಡ್ಡಿನ ಒಂದು ಬಾಗಿಲು ನಿಲ್ಲಿಸಿ, ಅದರ ಹಿಂದೆ ನೆಲದ ಮೇಲೆ ಪಟ್ಟಿ ಎಳೆದು ಹಾಲ್, ರೂಮು ಎಂದು ಗುರುತು ಮಾಡಿದ್ದರು. ಖಾಲಿ ಬಂದೂಕು ಹಿಡಿದು ಒಬ್ಬೊಬ್ಬರೇ ಒಳಗೆ ಹೋಗಬೇಕು. ನಿಮ್ಮದೇ ಮನೆ ಎಂದುಕೊಳ್ಳಿ, ಹೊರಗಿನಿಂದ ಬಂದಿದ್ದೀರಿ, ಒಳಗೆ ಯಾರೋ ಇದ್ದಾರೆ ಎಂದ ಕೋಚ್. ನಮ್ಮವರ ಸರದಿ ಬಂತು. ಬಾಗಿಲ ತನಕ ಕಲಿಸಿಕೊಟ್ಟ ಹಾಗೆಯೇ ಹೋದರು, ಮೊಣಕಾಲು ಬಗ್ಗಿಸಿ, ಕೊಳವೆ ತಗ್ಗಿಸಿ. ಬಾಗಿಲಲ್ಲಿ ನಿಂತರು. ಎಡಗಾಲಿನ ತುದಿಯಿಂದ ಬಲಗಾಲಿನ ಶೂ ಒತ್ತಿ ಬಿಚ್ಚಿದರು. ಆಮೇಲೆ ಇನ್ನೊಂದನ್ನು. ಎರಡನ್ನೂ ಪಾದದಿಂದಲೇ ಪಕ್ಕಕ್ಕೆ ಜೋಡಿಸಿ, ಕಾಲುಚೀಲದಲ್ಲಿ ಜಲ್ಲಿಯ ಮೇಲೆ 'ಹಾಲ್' ದಾಟಿ ಹೋದರು.

ಅಷ್ಟು ಹೊತ್ತಿಗೆ ಕಳ್ಳ ಇವರಿಗೆ ಕಾಫಿ ಮಾಡಿ ಇಟ್ಟಿರುತ್ತಿದ್ದ ಎಂದು ಯಾರೋ ಅಂದರು. ನಾನೇ ಇರಬಹುದು. ಈ ಪ್ರಸಂಗವನ್ನು ಆಮೇಲೆ ಎಷ್ಟು ಪಾರ್ಟಿಗಳಲ್ಲಿ ಹೇಳಿದ್ದೇನೆಂದರೆ, ಯಾವ ಮಾತು ಅಲ್ಲಿಯದು, ಯಾವುದು ನಾನು ಸೇರಿಸಿದ್ದು ಎನ್ನುವುದು ಈಗ ನನಗೆ ಗೊತ್ತಿಲ್ಲ. ಶೂ ಬಿಚ್ಚಿದ್ದು ಮಾತ್ರ ನಿಜ. ಅವರು ಹೊರಗೆ ಬಂದು, ಅಂಗಾಲಿಗೆ ಅಂಟಿದ ಕಲ್ಲು ಒರೆಸಿಕೊಳ್ಳುತ್ತ ನನಗೆ ಮೆಲ್ಲಗೆ ಹೇಳಿದರು: "ಬಿಚ್ಚಿದ್ದು ಗೊತ್ತೇ ಆಗ್ಲಿಲ್ಲ ಕಣ್ರೀ. ಮನೆ ಅಂದ್ನಲ್ಲ."

ಮಧ್ಯಾಹ್ನ ಕೊನೆಯ ಪರೀಕ್ಷೆ. ಇಬ್ಬಿಬ್ಬರು ಪಕ್ಕಪಕ್ಕ ನಿಲ್ಲಬೇಕು. ಎದುರಿಗೆ ಐದು ಹಲಗೆ, ಮುಖ ಆಚೆಗೆ. ಕೋಚ್ ಹಗ್ಗ ಎಳೆದಾಗ ಹಲಗೆಗಳು ತಿರುಗುತ್ತವೆ. ಒಂದೊಂದರಲ್ಲೂ ಒಬ್ಬ ಮನುಷ್ಯನ ಚಿತ್ರ. ಕೈಯಲ್ಲಿ ಆಯುಧವಿದ್ದರೆ ಹೊಡೆಯಬೇಕು, ಇಲ್ಲದಿದ್ದರೆ ಬಿಡಬೇಕು. ಎಡಗಡೆಯ ಎರಡು ಅವರವು, ಬಲಗಡೆಯ ಎರಡು ನನ್ನವು, ನಡುವಿನದು ಇಬ್ಬರದೂ. ಹತ್ತು ಹತ್ತು ಗುಂಡು ತುಂಬಿಕೊಳ್ಳಿ ಎಂದ.

ಹಲಗೆಗಳು ತಿರುಗಿದವು. ಮೂರೋ ನಾಲ್ಕೋ ಸೆಕೆಂಡು. ಆ ಸೆಕೆಂಡುಗಳ ಬಗ್ಗೆ ನನಗೆ ಏನು ನೆನಪಿದೆ ಎಂದು ಕೇಳಿದರೆ, ಶಬ್ದ ನೆನಪಿದೆ. ನಾನು ಚುರುಕಾಗಿದ್ದೆ ಎನ್ನುವ ಸಂತೋಷ ನೆನಪಿದೆ. ನಾಲ್ಕು ಹೊಡೆದೆನೋ ಐದೋ ನೆನಪಿಲ್ಲ.

ನಡುವಿನ ಹಲಗೆಯಲ್ಲಿ ಒಬ್ಬ ಹೆಂಗಸು. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಫೋನು. ಕೊರಳಿನ ಕೆಳಗೆ ಒಂದು ತೂತು.

"ಇದು ಯಾರದು?" ಎಂದ ಕೋಚ್. ದನಿ ಎತ್ತರಿಸಲಿಲ್ಲ.

ನಮ್ಮವರು ಕ್ಲಾಸಿನ ಹುಡುಗನಂತೆ ಕೈ ಎತ್ತಿ, "ನನ್ನದು," ಎಂದರು.

ಕೋಚ್ ಅವರನ್ನೂ ನೋಡಿದ, ನನ್ನನ್ನೂ ನೋಡಿದ. ಒಂದು ಬೀಜ ಉಗುಳಿ ಮುಂದಿನ ಜೋಡಿಯನ್ನು ಕರೆದ. ಡಬ್ಬಿಯಲ್ಲಿ ಉಳಿದ ಗುಂಡುಗಳನ್ನು ಖಾಲಿ ಮಾಡುವಾಗ ನಾನು ನನ್ನವನ್ನು ಎಣಿಸಬಹುದಿತ್ತು. ಚೀಲಕ್ಕೆ ಸುರಿದೆ.

ಇಲ್ಲಿ ಆಫೀಸಿನ ಒಂದು ವಿಷಯ ಹೇಳಬೇಕು, ಅದು ಆ ಹೊತ್ತಿನಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದದ್ದರಿಂದ. ಸಾಫ್ಟ್‌ವೇರಿನ ತಪ್ಪುಗಳ ಪಟ್ಟಿಯಲ್ಲಿ ಪ್ರತಿ ತಪ್ಪಿನ ಪಕ್ಕ ಅದು ಯಾರದು ಎಂದು ಬರೆಯಲು ಒಂದು ಅಂಕಣ ಇರುತ್ತದೆ. ಮೀಟಿಂಗಿನಲ್ಲಿ ಯಾರೂ ಒಪ್ಪಿಕೊಳ್ಳದೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರೆ, ಸಾರ್ ಅಲ್ಲಿ ತಮ್ಮ ಹೆಸರನ್ನೇ ಹಾಕಿ ಮುಂದಿನದಕ್ಕೆ ಹೋಗಿಬಿಡುತ್ತಿದ್ದರು. ಸಂಜೆಯೊಳಗೆ ನಿಜವಾದ ಆಸಾಮಿ ಅವರ ಮೇಜಿನ ಹತ್ತಿರ ಬಂದು, "ಸಾರ್, ಅದು ನಂದು," ಎನ್ನುತ್ತಿದ್ದ. ಅವರು ಏನೂ ಮಾತಾಡದೆ ಹೆಸರು ಬದಲಾಯಿಸುತ್ತಿದ್ದರು. ಎರಡು ವರ್ಷದಲ್ಲಿ ನಾನೇ ಮೂರು ಸಲ ಹಾಗೆ ಹೋಗಿದ್ದೆ.

ವ್ಯಾನಿನಲ್ಲಿ ಬರುವಾಗ ಅವರು ಸರ್ಟಿಫಿಕೇಟಿನಲ್ಲಿ ತಮ್ಮ ಹೆಸರಿನ ಸ್ಪೆಲಿಂಗ್ ತಪ್ಪಾಗಿದೆ ಎಂದರು. ನಾನು ಹೊಗೆಯ ಬಗ್ಗೆ ಏನೋ ಹೇಳಿದೆ.

ಅಕ್ಕ ಬಾಗಿಲಲ್ಲೇ ನಿಂತಿದ್ದರು. ಯಾರೂ ಕೂರುವ ಮೊದಲೇ ಸಾರ್ ಹೇಳಿಬಿಟ್ಟರು: "ಒಬ್ಬ ಹೆಂಗಸಿಗೆ ಹೊಡೆದುಬಿಟ್ಟೆ ಕಣೆ. ಚಿತ್ರದವಳು. ಫೋನ್ ಹಿಡ್ಕೊಂಡಿದ್ದಳು, ಅಷ್ಟೆ."

ಅಕ್ಕ ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಹೌದೇನೋ?"

ಸಾರ್ ಬಗ್ಗಿ ಶೂ ಲೇಸು ಬಿಚ್ಚುತ್ತಿದ್ದರು. ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು ಎಂದು ಈಗ ಅನ್ನಿಸುತ್ತದೆ. ಹಾಗೆ ಅನ್ನಿಸುವುದನ್ನು ನಾನು ಪೂರ್ತಿ ನಂಬುವುದಿಲ್ಲ.

"ಹೌದು ಅಕ್ಕ," ಎಂದೆ.

ಆ ದಿನದ ಡೈರಿ ಈಗ ನನ್ನ ಮುಂದಿದೆ. 'ಕೊನೆಯ ಸುತ್ತಿನಲ್ಲಿ ಸಾರ್ ಅವರ ಒಂದು ಗುಂಡು ತಪ್ಪು ಗುರಿಗೆ.' ಅಕ್ಷರ ದುಂಡಗಿದೆ. ಉಳಿದ ದಿನಗಳ ಅಕ್ಷರ ಅಷ್ಟು ದುಂಡಗಿಲ್ಲ.

ಮುಂದಿನ ಶನಿವಾರ ಅವರು ಬಂದೂಕನ್ನು ಅಂಗಡಿಗೆ ಹಿಂತಿರುಗಿಸಿದರು. ಅದರ ಬದಲು ಹಿಂಬಾಗಿಲ ಒಳಗಡೆ ಸ್ಟೀಲ್ ತಟ್ಟೆ, ಅದರ ಮೇಲೆ ಲೋಟ, ಅದರ ಮೇಲೆ ಚಮಚ ತುಂಬಿದ ಡಬ್ಬಿ, ಹೀಗೆ ಒಂದು ಗೋಪುರ ಕಟ್ಟಿದರು. ವಾರಕ್ಕೊಮ್ಮೆ ತಾವೇ ಹೊರಗಿನಿಂದ ಬಾಗಿಲು ತಳ್ಳಿ ಅದನ್ನು ಬೀಳಿಸಿ, ಎಷ್ಟು ಮನೆಗಳಿಗೆ ಕೇಳಿಸಿತು ಎಂದು ವಿಚಾರಿಸಿಕೊಂಡು ಬರುತ್ತಿದ್ದರು. ನಮ್ಮ ಮನೆಗೆ ಚೆನ್ನಾಗಿ ಕೇಳುತ್ತಿತ್ತು. ಆಫೀಸಿನವರಿಗೆ ಹೇಳಿ ಮನೆಯಿಂದಲೇ ಕೆಲಸ ಮಾಡತೊಡಗಿದರು. ಅಕ್ಕ ಲೈಬ್ರರಿಗೆ ಹೋಗುವುದು ನಿಂತಿತು.

ಮೊನ್ನೆ, ಸಾರ್ ತೀರಿಕೊಂಡ ಹದಿಮೂರನೆಯ ದಿನದ ಊಟವಾದ ಮೇಲೆ, ಜನ ಕರಗುತ್ತಿದ್ದಾಗ, ಅಕ್ಕ ನನ್ನನ್ನು ಮನೆಯ ಹಿಂದಿನ ಮರದ ಡೆಕ್ಕಿಗೆ ಕರೆದರು.

"ಆವತ್ತು ಹೊಡೆದೆ ಅಂದ್ರಲ್ಲ. ಅದು ಅವರದಲ್ಲ."

ಒಳಗೆ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ನಾನು ತಿರುಗಿ ನೋಡಿದೆ.

"ಹತ್ತು ತುಂಬಿದ್ರಂತೆ. ಎರಡು ಹೊಡೆದ್ರಂತೆ, ಎರಡೂ ಅವರ ಕಡೆ ಹಲಗೇಲೇ ಇತ್ತಂತೆ. ಮಿಕ್ಕಿದ ಎಂಟು ಡಬ್ಬಿಯಲ್ಲೇ ಇದ್ವಂತೆ. ಬಂದೂಕು ವಾಪಸ್ ಕೊಟ್ಟು ಬಂದಮೇಲೆ ಹೇಳಿದ್ರು ನಂಗೆ."

"ಅವಾಗ್ಲೇ ಯಾಕೆ ಹೇಳ್ಲಿಲ್ಲ?"

"ಅವರಿಗೇ ಅದು ಬೇಡವಾಗಿತ್ತು ಕಣೋ. ನನಗೋಸ್ಕರ ತಂದಿದ್ದು. ಬಿಡೋಕೆ ಒಂದು ನೆಪ ಸಿಕ್ತು." ಅಕ್ಕ ಸೆರಗಿನಿಂದ ಕಟಾಂಜನದ ಮೇಲಿನ ಎಲೆ ಕೊಡವಿದರು. "ಆದ್ರೆ ನೀನು ಬಂದು ಹೇಳ್ತೀಯ ಅಂತಿದ್ರು. ಬೆಲ್ ಆದ್ರೆ ಸಾಕು, ಇವನೇ ಇರಬೇಕು, ಅದನ್ನೇ ಹೇಳೋಕೆ ಬಂದಿರಬೇಕು ಅಂತ ಏಳೋರು. ನೀನು ಹುಲ್ಲು ಕತ್ತರಿಸೋ ಮಿಷನ್ ಕೇಳಿ ಇಸ್ಕೊಂಡು ಹೋಗ್ತಿದ್ದೆ."

"ಎಷ್ಟು ದಿನ ಹಾಗೆ?"

"ದಿನ ಏನು ಬಂತು." ಆಮೇಲೆ ಕೇಳಿದರು: "ನಿನ್ನ ಬಂದೂಕು ಎಲ್ಲಿದೆ?"

"ಮನೇಲೇ ಇದೆ ಅಕ್ಕ. ಲಾಕ್ ಮಾಡಿದೀನಿ."

"ಅವರನ್ನ ನೋಡ್ಕೊಂಡು ಬಾ ಅಂತ ನಿನ್ನ ಕಳಿಸಿದ್ದೆ. ನಿನ್ನ ನೋಡ್ಕೊಂಡು ಬರೋಕೆ ನಿಮ್ಮನೆಯೋಳು ಯಾರನ್ನ ಕಳಿಸಿದ್ದಳೋ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಒಳಗೆ ಯಾರೋ ತೊಳೆದ ಪಾತ್ರೆ ಎಲ್ಲಿಡಬೇಕೆಂದು ಕೇಳಿದರು, ಅಕ್ಕ ಹೋದರು.

ನಾಲ್ಕು ಮನೆ ದಾಟಿ ನಮ್ಮ ಮನೆಗೆ ಬಂದೆ. ನನ್ನ ಹೆಂಡತಿ ಡ್ರೈಯರಿನಿಂದ ತೆಗೆದ ಬಟ್ಟೆಗಳನ್ನು ಸೋಫಾದ ಮೇಲೆ ಹಾಕಿಕೊಂಡು ಮಡಿಸುತ್ತಿದ್ದಳು. ಅವಳ ಎದುರಿಗೆ ನಿಂತು, "ಆ ತೂತು ನಂದು," ಎಂದೆ.

"ಯಾವ ತೂತು?" ಎಂದಳು, ಕೈಯಲ್ಲಿದ್ದ ಅಂಗಿಯನ್ನು ತಿರುಗಿಸಿ ನೋಡುತ್ತ.

ಇಷ್ಟು ವರ್ಷ ಪಾರ್ಟಿಗಳಲ್ಲಿ ಶೂ ಬಿಚ್ಚಿದ ಕತೆಯನ್ನು ನನ್ನ ಬಾಯಿಂದ ಅವಳೂ ಕೇಳಿದ್ದಳು. ಕತೆಯನ್ನು ನಾನು ಪ್ರತಿ ಸಲವೂ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಬಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೂತುಕೊಂಡೆ. ಕೇಳಿದ ಮೇಲೆ ಆ ಬಂದೂಕು ಮನೆಯಲ್ಲಿ ಇರಬಹುದೋ ಇರಬಾರದೋ ನೀನೇ ಹೇಳಬೇಕು ಎಂದೆ. ಅವಳು ಅಂಗಿಯನ್ನು ಕೆಳಗಿಟ್ಟಳು. ಆ ಮಧ್ಯಾಹ್ನದ ಬಗ್ಗೆ ಹೇಳತೊಡಗಿದೆ.